ಬಿಸಿಯಾದ ಮೇಲೆ ಸೋಲುವ ಹಳೇ ಹಿಟಾಚಿ: ಪಂಪ್ ಇಳಿಸುವ ಮೊದಲು ಏನೇನು ನೋಡಬೇಕು

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಾಡಿ ಚೆನ್ನಾಗೇ ಇರುತ್ತದೆ. ಸ್ಲ್ಯಾಬ್ ಮೇಲೆ ಬ್ರೇಕರ್ (ಬಕೆಟ್ ಬದಲು ಕಟ್ಟುವ, ಕಾಂಕ್ರೀಟ್ ಒಡೆಯುವ ಸುತ್ತಿಗೆ) ಇಟ್ಟರೆ ಟಕಟಕ ಅಂತ ಏಟು ಬೀಳುತ್ತದೆ. ಊಟದ ಹೊತ್ತಿಗೆ ಆ ಏಟು ಬಿಡಿಬಿಡಿಯಾಗುತ್ತದೆ. ಬೂಮ್ (ಗಾಡಿಯ ದೊಡ್ಡ ತೋಳು) ಎತ್ತಲು ಹೊತ್ತು ಹಿಡಿಯುತ್ತದೆ. ಕೆಡವಿದ ಇಟ್ಟಿಗೆ ಗುಡ್ಡೆ ಹತ್ತಿಸಲು ಹೋದರೆ ಚೈನ್ ಎಳೆಯುವುದೇ ಇಲ್ಲ. ಆಫ್ ಮಾಡಿ ತಣ್ಣಗಾಗಲು ಬಿಟ್ಟರೆ ಮತ್ತೆ ಸ್ವಲ್ಪ ಹೊತ್ತು ಸರಿ ಹೋಗುತ್ತದೆ.

ಮೆಕ್ಯಾನಿಕ್ ಬರುತ್ತಾನೆ, ಎರಡು ಲಿವರ್ ಎಳೆದು ನೋಡುತ್ತಾನೆ, "ಪಂಪ್ ಹೋಗಿದೆ ಸಾರ್" ಅಂತಾನೆ. ಆಯಿಲ್ ತಳ್ಳಿ ಬೂಮ್, ಚೈನ್ ಎಲ್ಲವನ್ನೂ ಓಡಿಸುವ ಹೈಡ್ರಾಲಿಕ್ ಪಂಪ್ ಅದು. ಹೋಗಿರಲೂಬಹುದು. ಆದರೆ ಇರುವ ಉತ್ತರಗಳಲ್ಲೆಲ್ಲ ಅತಿ ದುಬಾರಿ ಅದು. ಕಟ್ಟಡ ಕೆಡವುವ ಕೆಲಸದಲ್ಲಿ ಇದೇ ಲಕ್ಷಣ ತೋರಿಸುವ ಅಗ್ಗದ ಕಾರಣಗಳು ಬೇಕಾದಷ್ಟಿವೆ. ಒಂದೊಂದನ್ನೇ ತೆಗೆದುಹಾಕುತ್ತಾ ಹೋಗಬೇಕು. ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಪ್ಯಾನರ್ ಹಿಡಿಯುವುದು ಆಮೇಲೆ, ಗೇಜ್ ಇನ್ನೂ ಆಮೇಲೆ.

ನಾನು ಹೇಳುತ್ತಿರುವುದು, ಯಾವ ಕಂಪನಿಯದಾದರೂ ಜನ ಹಿಟಾಚಿ ಅಂತಲೇ ಕರೆಯುವ 20 ಟನ್ನಿನ ಹಳೇ ಗಾಡಿಗಳ ಬಗ್ಗೆ. ನಮ್ಮ ಕಡೆ ಕೆಡವುವ ಕೆಲಸದಲ್ಲಿ ಜಾಸ್ತಿ ಕಾಣುವುದು ಎರಡು ಸಾಲು. 1984ರಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಜಪಾನಿನ ಹಿಟಾಚಿ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಬಂದ ಗಾಡಿಗಳ ಪೈಕಿ ಈಎಕ್ಸ್ 200 ಒಂದು. 1998ರಲ್ಲಿ ಶುರುವಾದ ಎಲ್ ಅಂಡ್ ಟಿ ಕೊಮಾಟ್ಸುವಿನ ಪಿಸಿ 200-6 ಇನ್ನೊಂದು. ಹಳೇ ಎಲ್ ಅಂಡ್ ಟಿ ಪೋಕ್ಲೇನ್ 90 ಸಿಕೆ ಯಾರ ಹತ್ತಿರವಾದರೂ ಇನ್ನೂ ಓಡುತ್ತಿದ್ದರೆ ಅವರಿಗೆ ಈ ಬರಹದ ಎಲೆಕ್ಟ್ರಿಕ್ ಭಾಗ ಬೇಡ, ಉಳಿದದ್ದು ಬಹುಪಾಲು ಅನ್ವಯಿಸುತ್ತದೆ.

ಕೈ ಹಾಕುವ ಮೊದಲು

ಗಾಡಿಯನ್ನು ಗೋಡೆಯಿಂದ ದೂರ, ಸಮತಟ್ಟು ನೆಲಕ್ಕೆ ತನ್ನಿ. ಅರ್ಧ ಕೆಡವಿದ ಗೋಡೆ ಯಾವಾಗ ಕುಸಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಬಕೆಟ್ ಅಥವಾ ಬ್ರೇಕರ್ ನೆಲಕ್ಕೆ ಊರಿಸಿ, ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು ಲಿವರ್‌ಗಳನ್ನು ಎಲ್ಲಾ ಕಡೆಗೂ ಆಡಿಸಿ. ಆಮೇಲೆ ಟ್ಯಾಂಕಿನ ಒತ್ತಡ ನಿಧಾನಕ್ಕೆ ಬಿಡಿ. ಆಮೇಲಷ್ಟೇ ಹೋಸ್ ಬಿಚ್ಚುವ ಮಾತು.

ಸೂಜಿ ತೂತಿನಷ್ಟು ಸೋರಿಕೆ ಇದ್ದರೆ ಬೆರಳು ಹಿಡಿದು ಹುಡುಕಬೇಡಿ. ರಟ್ಟಿನ ತುಂಡು ಹಿಡಿಯಿರಿ. ಈ ಒತ್ತಡದ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚಿಕ್ಕ ಚುಕ್ಕೆಯಷ್ಟೇ ಕಾಣಿಸುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ. ಸುಮ್ನೆ ಬಿಟ್ಟರೆ ಬೆರಳನ್ನೇ ತೆಗೆಯಬೇಕಾಗಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು, ಹೋದಾಗ "ಪ್ರೆಶರ್ ಆಯಿಲ್ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಬೇಕು.

ಮೊದಲ ಪ್ರಶ್ನೆ: ಎಂಜಿನ್ ಸೋಲುತ್ತಿದೆಯಾ, ಅಥವಾ ಎಂಜಿನ್ ಆರಾಮಾಗಿ ಇದ್ದು ಗಾಡಿ ಸೋಲುತ್ತಿದೆಯಾ?

ಇದಕ್ಕೆ ಕಿವಿ ಸಾಕು. ಗಾಡಿ ಬಿಸಿಯಾಗಿ ಸೋಲುತ್ತಿರುವಾಗಲೇ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಬಕೆಟ್ ಪೂರ್ತಿ ಮಡಚಿ, ಸಿಲಿಂಡರ್ ಕೊನೆ ಮುಟ್ಟಿದ ಮೇಲೂ ಲಿವರ್ ಹಿಡಿದೇ ಇರಿ. ನಾಲ್ಕೈದು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ನೀವೇ ಆಯಿಲ್ ಕಾಯಿಸಿದ ಹಾಗೆ. ಎಂಜಿನ್ ಸದ್ದು ಸ್ವಲ್ಪ ಭಾರವಾಗಿ ಅಲ್ಲಿಗೇ ನಿಲ್ಲಬೇಕು.

ಸದ್ದು ಕುಸಿದು, ಕಪ್ಪು ಹೊಗೆ ಬಂದು, ಆಫ್ ಆಗುವಂತಾದರೆ ಹೈಡ್ರಾಲಿಕ್ ಮುಟ್ಟಬೇಡಿ. ಏರ್ ಫಿಲ್ಟರ್ ಬಿಚ್ಚಿ. ಕೆಡವುವ ಸೈಟಿನಲ್ಲಿ ಅದು ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಅನ್ನುವುದು ಕ್ವಾರಿಯಿಂದ ಬಂದ ಆಪರೇಟರ್‌ಗಳಿಗೂ ಅಂದಾಜು ಸಿಗುವುದಿಲ್ಲ. ಕಲ್ಲಿನ ಪುಡಿಗಿಂತ ಗಾರೆ, ಸುಣ್ಣ, ಪ್ಲಾಸ್ಟರ್ ಧೂಳು ನುಣುಪು. ಆಮೇಲೆ ಡೀಸೆಲ್ ಫಿಲ್ಟರ್, ಟ್ಯಾಂಕ್ ತಳದ ಕಸ, ಟರ್ಬೊದಿಂದ ಬರುವ ರಬ್ಬರ್ ಪೈಪಿನ ಬಿರುಕು. ಬಿಸಿಯಾದ ಮೇಲೆ ಮಾತ್ರ ಎಂಜಿನ್ ಸೋಲುವುದಾದರೆ ಡೀಸೆಲ್ ಎಳೆಯುವ ಲೈನಿನಲ್ಲಿ ಗಾಳಿ ಸೇರುತ್ತಿದೆಯಾ ನೋಡಿ.

ಹೊಗೆಯಿಲ್ಲ, ಸದ್ದೇ ಬದಲಾಗಲಿಲ್ಲ, ಎಂಜಿನ್ ಖಾಲಿ ಓಡಿದ ಹಾಗೆ ಓಡುತ್ತಲೇ ಇತ್ತು ಅಂದರೆ ಅದಕ್ಕೆ ಲೋಡೇ ಬಿದ್ದಿಲ್ಲ. ಪಂಪ್ ಆಯಿಲ್ ಕೊಡುತ್ತಿಲ್ಲ, ಕೊಟ್ಟ ಆಯಿಲ್ ಎಲ್ಲೋ ಸೋರಿ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ, ಇಲ್ಲವೇ ಕಂಟ್ರೋಲರ್ (ಗಾಡಿಯ ಕಂಪ್ಯೂಟರ್ ಪೆಟ್ಟಿಗೆ) ಪಂಪನ್ನು ಕಟ್ಟಿಹಾಕಿದೆ.

ಮೂರನೆಯದನ್ನು ಮೊದಲು ತಳ್ಳಿಹಾಕಿ, ಯಾಕೆಂದರೆ ಅದಕ್ಕೆ ದುಡ್ಡೇ ಬೇಡ. ಪಿಸಿ 200-6ರಲ್ಲಿ ಕ್ಯಾಬಿನ್ ಒಳಗೇ ಪಂಪಿನ ಎಮರ್ಜೆನ್ಸಿ ಸ್ವಿಚ್ ಇರುತ್ತದೆ. ಅದು ಕಂಟ್ರೋಲರನ್ನು ಬಿಟ್ಟು ನೇರವಾಗಿ ಪಂಪಿನ ವಿದ್ಯುತ್ ವಾಲ್ವಿಗೆ, ಅಂದರೆ ಸೊಲೆನಾಯ್ಡ್‌ಗೆ ಕರೆಂಟ್ ಕೊಡುತ್ತದೆ. ಗಾಡಿ ಸೋತಿರುವಾಗ ಅದನ್ನು ಹಾಕಿ ನೋಡಿ. ಶಕ್ತಿ ಬಂತು ಅಂದರೆ ಪಂಪ್ ಚೆನ್ನಾಗಿದೆ, ದೋಷ ವೈರ್, ಸೆನ್ಸರ್ ಅಥವಾ ಕಂಟ್ರೋಲರಿನದು. ಈಎಕ್ಸ್ ಸಾಲಿನಲ್ಲೂ ಎಂಜಿನ್ ಸ್ಪೀಡ್ ಓದುವ ಸೆನ್ಸರ್, ಪಂಪ್ ಮೇಲಿನ ಸೆನ್ಸರ್‌ಗಳ ಕನೆಕ್ಟರ್ ಬಿಚ್ಚಿ ನೋಡಿ. ಹಳೇ ವೈರಿಂಗ್ ತಣ್ಣಗಿದ್ದಾಗ ಕೂಡಿಕೊಂಡು ಬಿಸಿಗೆ ಬಿಟ್ಟುಕೊಳ್ಳುವುದು ಅಪರೂಪವೇನಲ್ಲ. ಇಲಿ ಕಡಿದದ್ದೂ ಇರುತ್ತದೆ. ಕೆಲಸವಿಲ್ಲದೆ ಮಳೆಗಾಲ ಪೂರ್ತಿ ನಿಂತ ಗಾಡಿಯಾದರೆ ಇಲಿಯನ್ನೇ ಮೊದಲು ಅನುಮಾನಿಸಿ.

ಆಯಿಲ್ ಎಷ್ಟು ಬಿಸಿ?

ಎಲ್ಲರೂ ಹಾರಿಸಿಬಿಡುವ ಹಂತ ಇದು. ಬಿಸಿಯಾದ ಮೇಲೆ ಗಾಡಿ ಸೋಲುತ್ತದೆ ಅಂದಾಗ ಎರಡು ಬೇರೆ ಬೇರೆ ಕಾಯಿಲೆ ಇರಬಹುದು. ಒಂದು, ಆಯಿಲ್ ಬಿಸಿ ಸರಿಯಾಗೇ ಇದೆ, ಆದರೆ ಒಳಗೆ ಸವೆದಿರುವುದರಿಂದ ಅಷ್ಟಕ್ಕೇ ಸೋರುತ್ತಿದೆ. ಇನ್ನೊಂದು, ಸವೆತ ವಯಸ್ಸಿಗೆ ತಕ್ಕಷ್ಟೇ ಇದೆ, ಆದರೆ ಆಯಿಲ್ ಮಿತಿಮೀರಿ ಕಾಯುತ್ತಿದೆ. ಮೊದಲನೆಯದಕ್ಕೆ ಪಂಪ್ ಕೆಲಸ ಬೇಕಾಗಬಹುದು. ಎರಡನೆಯದಕ್ಕೆ ಏರ್ ಹೊಡೆಸಿದರೂ ಸಾಕಾಗಬಹುದು.

ಐಎಸ್‌ಒ ವಿಜಿ 46 ಆಯಿಲಿನ ದಪ್ಪ (ವಿಸ್ಕಾಸಿಟಿ) 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್ ಇದ್ದರೆ 100 ಡಿಗ್ರಿ ಹೊತ್ತಿಗೆ 7ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ತೆಳುವಾದ ಆಯಿಲ್ ಹಳೇ ಗಾಡಿಯ ಪ್ರತಿ ಸಂದಿಯಲ್ಲೂ ನುಸುಳುತ್ತದೆ. ನುಸುಳಿದ ಆಯಿಲ್ ಕೆಲಸ ಮಾಡದೆ ಬರೀ ಬಿಸಿ ಹೆಚ್ಚಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಇನ್ನೂ ತೆಳುವಾಗುತ್ತದೆ. ಅದಕ್ಕೇ ಗಾಡಿ ಒಮ್ಮೆ ಸೋಲಲು ಶುರುವಾದರೆ ಅರ್ಧ ಗಂಟೆಯಲ್ಲಿ ಪೂರ್ತಿ ಮಲಗುವುದು.

ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಬೆಂಗಳೂರಲ್ಲಾದರೆ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ, ಬೆಲೆಯೂ ದೊಡ್ಡದಲ್ಲ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಬಣ್ಣವಿರುವ ಜಾಗಕ್ಕೇ ಹಿಡಿಯಿರಿ. ಹೈಡ್ರಾಲಿಕ್ ಟ್ಯಾಂಕಿನ ಪಕ್ಕ, ಆಯಿಲ್ ಮಟ್ಟಕ್ಕಿಂತ ಕೆಳಗೆ ನೋಡಿ. 50ರಿಂದ 80 ಡಿಗ್ರಿ ಒಳಗಿದ್ದರೆ ತೊಂದರೆಯಿಲ್ಲ. 90 ದಾಟಿದ್ದರೆ ಬಿಸಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವವರೆಗೂ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಕೂಲರ್ ಕಡೆ ಹೋಗಿ. ಆಯಿಲ್ ಒಳಹೋಗುವ ಪೈಪು, ಹೊರಬರುವ ಪೈಪು, ಎರಡರ ಬಿಸಿಯನ್ನೂ ಅಳೆಯಿರಿ. ವ್ಯತ್ಯಾಸವೇ ಇಲ್ಲದಿದ್ದರೆ ಕೂಲರ್ ಸುಮ್ನೆ ನಿಂತಿದೆ ಅಂತ ಅರ್ಥ. ಹೊರಗಿನಿಂದ ಜಾಲರಿ ಫಳಫಳ ಕಾಣಬಹುದು. ಮೋಸ ಹೋಗಬೇಡಿ. ರೇಡಿಯೇಟರ್ ಮತ್ತು ಆಯಿಲ್ ಕೂಲರ್ ಹಿಂದೆಮುಂದೆ ಇರುವ ಗಾಡಿಯಾದರೆ ಕಸ ಇರುವುದು ಅವೆರಡರ ನಡುವೆ. ಬೋಲ್ಟ್ ಬಿಚ್ಚಿ ಸ್ವಲ್ಪ ಸರಿಸಿ ಟಾರ್ಚ್ ಹಾಕಿ ನೋಡಿದರೆ ಕಂಬಳಿ ಹಾಸಿದ ಹಾಗೆ ಧೂಳು ಕೂತಿರುತ್ತದೆ. ಆಯಿಲ್ ಜಿನುಗಿದ್ದ ಜಾಗದಲ್ಲಿ ಅದು ಕರಿ ಮೇಣವಾಗಿ ಫಿನ್ನುಗಳಿಗೆ ಅಂಟಿಕೊಂಡಿರುತ್ತದೆ.

ಮೊದಲು ಒಣ ಗಾಳಿ ಹೊಡೆಯಿರಿ. ಫ್ಯಾನ್ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಫಿನ್ನಿಗೆ ನೇರವಾಗಿ, ತೀರಾ ಹತ್ತಿರದಿಂದಲ್ಲ. ನೇರವಾಗಿ ನೀರು ಹೊಡೆದರೆ ಸುಣ್ಣ-ಪ್ಲಾಸ್ಟರ್ ಧೂಳು ಕೆಸರಾಗಿ ಒಳಗೇ ಕಚ್ಚಿಕೊಳ್ಳುತ್ತದೆ, ಮಾರನೇ ದಿನ ಒಣಗಿ ಗಟ್ಟಿಯಾಗಿರುತ್ತದೆ. ಆಯಿಲ್ ಅಂಟಿದ್ದರೆ ಮಾತ್ರ ಡಿಗ್ರೀಸರ್ ಹಾಕಿ, ನೆನೆಸಿ, ಆಮೇಲೆ ಕಡಿಮೆ ಒತ್ತಡದಲ್ಲಿ ತೊಳೆಯಿರಿ.

ಹಳೇ ಗಾಡಿಯಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೂಲರ್ ಸುತ್ತ ಫ್ಯಾಕ್ಟರಿಯಲ್ಲಿ ಸ್ಪಾಂಜ್ ಪಟ್ಟಿ ಹಾಕಿರುತ್ತಾರೆ, ಫ್ಯಾನ್ ಸುತ್ತ ತಗಡಿನ ಗೂಡು ಇರುತ್ತದೆ. ಮೂರ್ನಾಲ್ಕು ಮಾಲೀಕರ ಕೈ ದಾಟಿದ ಗಾಡಿಯಲ್ಲಿ ಇವೆರಡೂ ಉಳಿದಿರುವುದಿಲ್ಲ. ಆಗ ಫ್ಯಾನ್ ಹೊರಗಿನ ಗಾಳಿ ಎಳೆಯುವ ಬದಲು ಎಂಜಿನ್ ರೂಮಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಹೊಸ ಕೂಲರ್ ಹಾಕಿದರೂ ಬಿಸಿ ಇಳಿಯಲಿಲ್ಲ ಅಂತ ಗೋಳಾಡುವವರ ಗಾಡಿಯಲ್ಲಿ ಈ ಪಟ್ಟಿ ಇದೆಯಾ ಅಂತ ನೋಡಿ. ಸ್ಪಾಂಜ್ ಹಾಳೆ ತಂದು ಕತ್ತರಿಸಿ ಅಂಟಿಸಿದರೆ ಆಯ್ತು. ಜೊತೆಗೆ ಫ್ಯಾನ್ ಬೆಲ್ಟ್ ಬಿಗಿ ಇದೆಯಾ ಒತ್ತಿ ನೋಡಿ.

ಬಿಸಿಗೆ ಬ್ರೇಕರ್ ಕಾರಣವಾ?

ಮಣ್ಣು ತೋಡುವಾಗ ಗಾಡಿ ತಿರುಗುತ್ತದೆ, ಇಳಿಸುತ್ತದೆ, ಆಯಿಲ್‌ಗೆ ಬಿಡುವು ಸಿಗುತ್ತದೆ. ಬ್ರೇಕರ್ ಹೊಡೆಯುವಾಗ ಬಿಡುವೇ ಇಲ್ಲ. ಅದಕ್ಕೇ ಈ ಪರೀಕ್ಷೆ. ಬ್ರೇಕರ್ ಲೈನಿನ ಸ್ಟಾಪ್ ವಾಲ್ವ್ ಎರಡೂ ಮುಚ್ಚಿ, ಬಕೆಟ್ ಹಾಕಿ, ಕೆಡವಿದ ಮಾಲನ್ನು ಲಾರಿಗೆ ತುಂಬುವ ಕೆಲಸ ಮಾಡಿಸಿ. ಬಿಸಿಲು ಅಷ್ಟೇ ಇರಬೇಕು, ಹೊತ್ತೂ ಅಷ್ಟೇ ಇರಬೇಕು. ಬಿಸಿ ಏರಲಿಲ್ಲ, ಗಾಡಿ ಸೋಲಲಿಲ್ಲ ಅಂದರೆ ಪಂಪಿನ ಮಾತು ಅಲ್ಲಿಗೆ ಬಿಡಿ, ಬ್ರೇಕರ್ ಲೈನ್ ಹಿಡಿಯಿರಿ.

ಅಲ್ಲಿ ನೋಡಬೇಕಾದ್ದು: ಬ್ರೇಕರ್‌ಗೆ ಹೋಗುವ ಲೈನಿನ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತೆರೆದು ಆಯಿಲ್ ಬಿಡುವ ವಾಲ್ವ್) ತೆರೆಯುವ ಒತ್ತಡ ಬ್ರೇಕರ್ ಕೆಲಸದ ಒತ್ತಡಕ್ಕಿಂತ ಸಾಕಷ್ಟು ಮೇಲಿರಬೇಕು. ಎರಡೂ ಹತ್ತಿರ ಬಂದರೆ ಅರ್ಧ ಆಯಿಲ್ ರಿಲೀಫ್ ಮೂಲಕವೇ ಹಾರಿ ಟ್ಯಾಂಕಿಗೆ ಬೀಳುತ್ತದೆ, ಪೂರ್ತಿ ಬಿಸಿಯಾಗಿ. ವಾಪಸ್ ಬರುವ ಹೋಸ್ ಅಳತೆಗೆ ಕಡಿಮೆ ಹಾಕಿದ್ದರೂ ಇದೇ ಗತಿ. ಹಳೇ ಗಾಡಿಗೆ ಸ್ಥಳೀಯವಾಗಿ ಪೈಪಿಂಗ್ ಮಾಡಿಸಿದಾಗ ರಿಟರ್ನ್ ಲೈನನ್ನು ಕಂಟ್ರೋಲ್ ವಾಲ್ವಿಗೇ ಸೇರಿಸಿಬಿಟ್ಟಿರುತ್ತಾರೆ. ಅದು ನೇರ ಕೂಲರ್-ಫಿಲ್ಟರ್ ದಾರಿಗೆ ಬರಬೇಕು. ಹೋಸ್ ವಿಪರೀತ ಕುಣಿಯುತ್ತಿದ್ದರೆ ಬ್ರೇಕರ್ ಒಳಗಿನ ಗ್ಯಾಸ್ ಪರೀಕ್ಷಿಸಿ. ಗ್ಯಾಸ್ ತುಂಬುವಾಗ ನೈಟ್ರೋಜನ್ ಮಾತ್ರ. ಆಮ್ಲಜನಕ ತುಂಬಿದರೆ ಆಯಿಲ್ ಜೊತೆ ಸೇರಿ ಸ್ಫೋಟವಾಗುತ್ತದೆ, ಸಿಲಿಂಡರ್ ಬಣ್ಣ ನೋಡಿ ಖಚಿತ ಮಾಡಿಕೊಳ್ಳದೆ ಯಾರಿಗೂ ತುಂಬಲು ಬಿಡಬೇಡಿ.

ಬ್ರೇಕರ್ ಸೀಲ್ ಹೋಗಿದ್ದರೆ ಆ ನೈಟ್ರೋಜನ್ ಆಯಿಲ್‌ಗೆ ಸೇರಿ ಟ್ಯಾಂಕಿನ ಗಾಜಿನಲ್ಲಿ ನೊರೆ ಕಾಣಿಸುತ್ತದೆ. ನೊರೆಯ ಆಯಿಲ್ ಒತ್ತಡ ಹಿಡಿಯುವುದಿಲ್ಲ, ಪಂಪ್ ಗೊರಗೊರ ಅನ್ನುತ್ತದೆ, ಎಲ್ಲಾ ಲಿವರೂ ಮೆತ್ತಗಾಗುತ್ತವೆ. ಥೇಟ್ ಪಂಪ್ ಸವೆದ ಲಕ್ಷಣವೇ, ಅಲ್ವಾ? ಬ್ರೇಕರ್ ಕಳಚಿದಾಗ ನೊರೆ ಹೋಯಿತು ಅಂದರೆ ಸೀಲ್ ಕಿಟ್. ಕಳಚಿದರೂ ನೊರೆ ಉಳಿಯಿತು ಅಂದರೆ ಪಂಪ್ ಆಯಿಲ್ ಎಳೆಯುವ ಕಡೆ ಎಲ್ಲೋ ಗಾಳಿ ಸೇರುತ್ತಿದೆ. ಟ್ಯಾಂಕಿನಿಂದ ಪಂಪಿಗೆ ಆಯಿಲ್ ಎಳೆಯುವ ಹೋಸ್ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಹೊರಗೆ ಒಂದು ಹನಿಯೂ ಸೋರದೆ ಗಾಳಿಯನ್ನಷ್ಟೇ ಒಳಗೆಳೆಯಬಹುದು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಕ್ಲ್ಯಾಂಪ್ ಸುತ್ತ ದಪ್ಪಗೆ ಗ್ರೀಸ್ ಬಳಿಯಿರಿ, ಪಂಪಿನ ಸದ್ದು ಬದಲಾದರೆ ಜಾಗ ಸಿಕ್ಕಿತು.

ಆಪರೇಟರ್ ಕೈಯದೂ ಒಂದು ಪಾಲಿದೆ. ಒಂದೇ ಜಾಗಕ್ಕೆ 30 ಸೆಕೆಂಡಿಗಿಂತ ಜಾಸ್ತಿ ಹೊಡೆದರೂ ಒಡೆಯದಿದ್ದರೆ ಜಾಗ ಬದಲಿಸಬೇಕು. ಇಟ್ಟಿಗೆ ಗೋಡೆ, ಮದ್ರಾಸ್ ಟೆರೇಸ್ (ಮರದ ತೊಲೆ, ಇಟ್ಟಿಗೆ, ಸುಣ್ಣದ ಹಳೇ ತಾರಸಿ) ಇಂಥದ್ದಕ್ಕೆ ಬ್ರೇಕರ್ ಯಾಕೆ? ಬಕೆಟ್ಟಿನಲ್ಲೇ ಬಿಚ್ಚಿ ಬರುತ್ತದೆ. ಮೆತ್ತನೆ ಗೋಡೆಗೆ ಬ್ರೇಕರ್ ಖಾಲಿ ಹೊಡೆದಷ್ಟೂ ಅದರ ಆಯುಸ್ಸು ಕಡಿಮೆ.

ಎಲ್ಲಾ ಕೆಲಸವೂ ನಿಧಾನವಾ, ಒಂದೆರಡು ಮಾತ್ರವಾ?

ಬಿಸಿ ಸರಿಯಾಗಿದೆ, ನೊರೆಯಿಲ್ಲ, ಕರೆಂಟ್ ಕಡೆ ಸರಿ. ಆದರೂ ಸೋಲುತ್ತಿದೆ. ಈಗ ಯಾವ ಯಾವ ಕೆಲಸ ಜೊತೆಜೊತೆಗೆ ಸೋಲುತ್ತದೆ ಅಂತ ಗುರುತು ಹಾಕಿಕೊಳ್ಳಿ.

ಈ ಗಾಡಿಗಳಲ್ಲಿ ಎರಡು ಮುಖ್ಯ ಪಂಪ್ ಇವೆ. ಈಎಕ್ಸ್ 200ರಲ್ಲಿ ಒಂದು ಪಂಪ್ ಬಲ ಚೈನ್, ಬಕೆಟ್, ಬೂಮ್ ನೋಡಿಕೊಳ್ಳುತ್ತದೆ. ಇನ್ನೊಂದು ಎಡ ಚೈನ್, ಸ್ವಿಂಗ್ (ಗಾಡಿ ತಿರುಗುವುದು), ಆರ್ಮ್ (ಬೂಮಿನ ತುದಿಯ ತೋಳು) ನೋಡಿಕೊಳ್ಳುತ್ತದೆ, ಬ್ರೇಕರ್ ಲೈನೂ ಅದರದ್ದೇ ಕಡೆ. ಬೂಮ್ ಮತ್ತು ಆರ್ಮ್‌ಗೆ ಬೇಕಾದಾಗ ಎರಡೂ ಸೇರುತ್ತವೆ. ವರ್ಷಗಟ್ಟಲೆ ಬ್ರೇಕರ್ ಹೊಡೆದ ಗಾಡಿಯಲ್ಲಿ ಸ್ವಿಂಗ್ ಕಡೆಯ ಪಂಪೇ ಮೊದಲು ಸೋತರೆ ಆಶ್ಚರ್ಯವಿಲ್ಲ. ಪೈಪಿಂಗ್ ಬದಲಾಯಿಸಿರುವ ಗಾಡಿಯಾದರೆ ಲೈನ್ ಹಿಡಿದು ಹೋಗಿ ಖಚಿತ ಮಾಡಿಕೊಳ್ಳಿ.

ಸ್ವಿಂಗ್ ನಿಧಾನ, ಎಡ ಚೈನ್ ನಿಧಾನ, ಬ್ರೇಕರ್ ನಿಧಾನ, ಆದರೆ ಬಕೆಟ್ ಮತ್ತು ಬಲ ಚೈನ್ ಸರಿ. ಇಂಥ ಚಿತ್ರ ಸಿಕ್ಕರೆ ಆಗ ಪಂಪ್ ಅಂತ ಅನುಮಾನಿಸಬಹುದು. ಖಚಿತಕ್ಕೆ ಎರಡೂ ಪಂಪಿನಿಂದ ಕಂಟ್ರೋಲ್ ವಾಲ್ವಿಗೆ ಹೋಗುವ ಹೋಸ್‌ಗಳನ್ನು ಅದಲುಬದಲು ಮಾಡಿ. ಸೋಲು ಬಲಕ್ಕೆ ದಾಟಿದರೆ ದೋಷ ಪಂಪಿನಲ್ಲಿ ಅಥವಾ ಅದು ಕೊಡುವ ಆಯಿಲ್ ಪ್ರಮಾಣ ನಿಯಂತ್ರಿಸುವ ರೆಗ್ಯುಲೇಟರಿನಲ್ಲಿ. ಎಡದಲ್ಲೇ ಉಳಿದರೆ ಪಂಪ್ ನಿರಪರಾಧಿ, ವಾಲ್ವ್ ಕಡೆ ನೋಡಿ.

ಬರೀ ಚೈನ್ ಎರಡೂ ಸೋತು, ಮೇಲಿನದೆಲ್ಲ ಗಟ್ಟಿಯಾಗಿದ್ದರೆ, ತಿರುಗುವ ಮೇಲ್ಭಾಗದಿಂದ ಕೆಳಗಿನ ಚೈನಿಗೆ ಆಯಿಲ್ ದಾಟಿಸುವ ಸೆಂಟರ್ ಜಾಯಿಂಟಿನ ಸೀಲ್. ಕೆಡವುವ ಕೆಲಸದಲ್ಲಿ ಗಾಡಿಯ ಹೊಟ್ಟೆಯ ಕೆಳಗೆ ತುಂಡು ಕಬ್ಬಿಣದ ಸರಳು ತೂರಿ ಹೋಸ್‌ಗಳಿಗೆ ಸುತ್ತಿಕೊಂಡಿರುತ್ತದೆ. ಬಿಚ್ಚುವ ಮೊದಲು ಬಗ್ಗಿ ನೋಡಿ. ಒಂದೇ ಚೈನ್ ಸೋತರೆ ಎರಡೂ ಟ್ರಾವೆಲ್ ಮೋಟರಿನ ಡ್ರೈನ್ ಆಯಿಲ್ ಅಳೆದು ಹೋಲಿಸಿ. ಚೈನ್ ನೆಲದಿಂದ ಎತ್ತಿ, ಆಯಿಲ್ ಬಿಸಿಯಿರುವಾಗ, ಒಂದು ನಿಮಿಷ ಖಾಲಿ ಓಡಿಸಿ, ಡ್ರೈನ್ ಹೋಸನ್ನು ಕ್ಯಾನಿಗೆ ಬಿಡಿ. ಒಂದೇ ವಯಸ್ಸಿನ ಎರಡು ಮೋಟರಿನಲ್ಲಿ ಒಂದು ಮಾತ್ರ ಜಾಸ್ತಿ ಸುರಿಸಿದರೆ ಲೆಕ್ಕ ಮುಗಿಯಿತು.

ಆರ್ಮ್ ಒಂದೇ ಸೋತಿದ್ದರೆ ಅದರ ಸಿಲಿಂಡರ್ ಸೀಲ್ ನೋಡಿ. ಬಕೆಟ್ ನೆಲಕ್ಕೆ ಕೂರಿಸಿ, ಆರ್ಮ್ ಪೂರ್ತಿ ಒಳಗೆ ತಂದು, ಒತ್ತಡ ಬಿಟ್ಟ ಮೇಲೆ ರಾಡ್ ಕಡೆಯ ಹೋಸ್ ಬಿಚ್ಚಿ ಹೋಸಿನ ಬಾಯಿಗೆ ಡಮ್ಮಿ (ಮುಚ್ಚಳ) ಹಾಕಿ. ಹೆಲ್ಪರ್ ದೂರ ನಿಲ್ಲಲಿ. ಮತ್ತೆ ಒಳಗೆ ಎಳೆಯುವ ಲಿವರನ್ನೇ ಹಿಡಿಯಿರಿ. ತೆರೆದ ಬಾಯಿಂದ ಆಯಿಲ್ ಬರುತ್ತಲೇ ಇದ್ದರೆ ಪಿಸ್ಟನ್ ಸೀಲ್ ದಾಟಿ ಬರುತ್ತಿದೆ. ಸಿಲಿಂಡರ್ ಬಿಚ್ಚಿದಾಗ ರಾಡ್ ಮೇಲಿನ ಗೀರು ಉಗುರಿಗೆ ಸಿಗುತ್ತದೆಯಾ ನೋಡಿ. ಉಗುರು ತಡೆಯುವಷ್ಟು ಗೀರು ಇದ್ದರೆ ಹೊಸ ಸೀಲ್ ಹಾಕಿ ಉಪಯೋಗವಿಲ್ಲ, ರಾಡಿಗೆ ಮತ್ತೆ ಕ್ರೋಮ್ ಮಾಡಿಸಬೇಕು.

ಫಿಲ್ಟರ್ ಕೊಯ್ದು ನೋಡಿ

ರಿಟರ್ನ್ ಫಿಲ್ಟರ್ ತೆಗೆದು ಎಸೆಯಬೇಡಿ. ಗರಗಸದಲ್ಲಲ್ಲ, ಕಟರಿನಲ್ಲಿ ಕೊಯ್ದು ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಗರಗಸದ ಪುಡಿ ಬಿದ್ದರೆ ಯಾವುದು ಗಾಡಿಯದು ಅಂತ ಗೊತ್ತಾಗುವುದಿಲ್ಲ. ಡೀಸೆಲ್ ಹಾಕಿ ತೊಳೆದು ಬಿಸಿಲಿಗೆ ಹಿಡಿದರೆ ಬಣ್ಣ ಕಾಣುತ್ತದೆ. ಹಳದಿ ಮಿಣುಕು ಕಂಡು ಅದು ಅಯಸ್ಕಾಂತಕ್ಕೆ ಅಂಟದಿದ್ದರೆ ಕಂಚು ಅಥವಾ ಹಿತ್ತಾಳೆ. ಪಂಪ್ ಅಥವಾ ಮೋಟರಿನ ಒಳಗೆ ಉಜ್ಜಿಕೊಂಡು ಓಡುವ ಶೂ, ಬ್ಲಾಕ್ ಮುಖ ಉದುರುತ್ತಿದೆ. ಅಂಟುವ ಬೂದು ಚೂರು ಬೇರಿಂಗಿನದಿರಬಹುದು. ಕರಿ ರಬ್ಬರ್ ತುಣುಕು ಸೀಲಿನದು ಅಥವಾ ಹೋಸಿನ ಒಳಪದರದ್ದು. ಬಟ್ಟೆಯ ಮೇಲೆ ಮರಳಿನ ಹಾಗೆ ಗರಗರ ಅನಿಸಿದರೆ ಹೊರಗಿನ ಧೂಳು. ಟ್ಯಾಂಕಿನ ಬ್ರೀದರ್ (ಗಾಳಿಯಾಡುವ ಬಾಯಿ) ಅಥವಾ ರಾಡ್ ಸೀಲ್ ಬಿಟ್ಟುಕೊಂಡಿದೆ.

ಚೂರೇನೂ ಇಲ್ಲದ ಫಿಲ್ಟರ್ ತೋರಿಸಿ "ಪಂಪ್ ಪೂರ್ತಿ ಸವೆದಿದೆ" ಅನ್ನುವವರಿಗೆ ಗೇಜ್ ಹಾಕಿ ತೋರಿಸಲು ಹೇಳಿ.

ಗೇಜ್

ಮೊದಲು ಪೈಲಟ್ ಒತ್ತಡ, ಅಂದರೆ ಲಿವರ್ ಎಳೆದಾಗ ಕಂಟ್ರೋಲ್ ವಾಲ್ವಿನ ಸ್ಪೂಲನ್ನು (ಒಳಗೆ ಜರುಗುವ ಕಡ್ಡಿ) ತಳ್ಳುವ ಸಣ್ಣ ಒತ್ತಡ. ಮಾಡೆಲ್ ನೋಡಿಕೊಂಡು ಚದರ ಸೆಂಟಿಮೀಟರಿಗೆ 30ರಿಂದ 40 ಕೆಜಿ ಇರಬೇಕು. ಇದು ಬಿಸಿಯಲ್ಲಿ ಇಳಿದರೆ ಸ್ಪೂಲ್ ಪೂರ್ತಿ ತೆರೆಯುವುದಿಲ್ಲ, ಇಡೀ ಗಾಡಿ ಸೋತ ಹಾಗೆ ಕಾಣಿಸುತ್ತದೆ. ಕಾರಣ ಒಂದು ಪುಟ್ಟ ಗೇರ್ ಪಂಪ್ ಅಥವಾ ಕಟ್ಟಿದ ಪೈಲಟ್ ಫಿಲ್ಟರ್. ಆಮೇಲೆ ಮುಖ್ಯ ಒತ್ತಡ. ಈಎಕ್ಸ್ 200-5, ಪಿಸಿ 200-6 ಎರಡರಲ್ಲೂ ರಿಲೀಫ್ 350 ಕೆಜಿಯ ಆಸುಪಾಸು. ಅದಕ್ಕಿಂತ ಹಳೇ ಮಾಡೆಲ್‌ಗೆ ಅದರದೇ ಕೈಪಿಡಿ ನೋಡಿ.

ತಣ್ಣಗಿದ್ದಾಗಲೂ ಬಿಸಿಯಲ್ಲೂ ಎರಡೂ ಸಲ ಬರೆದುಕೊಳ್ಳಿ. ಒತ್ತಡ ಎರಡೂ ಹೊತ್ತು ಸರಿಯಿದ್ದು ವೇಗ ಮಾತ್ರ ಬಿಸಿಯಲ್ಲಿ ಬಿದ್ದರೆ ಆಯಿಲಿನ ಪ್ರಮಾಣ ಕಡಿಮೆ ಬರುತ್ತಿದೆ. ಫ್ಲೋ ಮೀಟರ್ ಇರುವವರನ್ನು ಕರೆಸಿ. ಒತ್ತಡವೇ ಬಿದ್ದರೆ ರಿಲೀಫ್ ವಾಲ್ವ್ ಬಿಚ್ಚಿ ಸೀಟ್ ಮೇಲೆ ಕಸ ಕೂತಿದೆಯಾ ನೋಡಿ. ರಿಲೀಫ್ ಸ್ಕ್ರೂ ಬಿಗಿ ಮಾಡಿ ಶಕ್ತಿ ತರಿಸುವ ಜಾಣತನ ಬೇಡ. ಹಳೇ ಬೂಮಿನ ವೆಲ್ಡಿಂಗ್ ಅದನ್ನು ತಡೆಯುವುದಿಲ್ಲ.

ಇನ್ನು ಆಯಿಲ್ ದಪ್ಪ ಮಾಡುವ ಉಪಾಯ. 46 ತೆಗೆದು 68 ಹಾಕಿದರೆ ಸವೆದ ಗಾಡಿ ಚೇತರಿಸಿಕೊಳ್ಳುವುದು ನಿಜ. ಕಲಬುರಗಿ, ರಾಯಚೂರಿನ ಬೇಸಿಗೆಗೆ 68 ಒಗ್ಗುತ್ತದೆ ಕೂಡ. ಆದರೆ ಜನವರಿ ಬೆಳಿಗ್ಗೆ ಬೆಂಗಳೂರಿನಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಬ್ರೇಕರ್ ಹೊಡೆದರೆ ಅದೇ ದಪ್ಪ ಆಯಿಲ್ ಪಂಪಿಗೆ ಸರಿಯಾಗಿ ಬರುವುದಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿ ಕೊಡಲು ಇದು ಸರಿ, ಚಿಕಿತ್ಸೆ ಅಂತ ಇಟ್ಟುಕೊಳ್ಳಬೇಡಿ.

ನಿಜಕ್ಕೂ ಪಂಪೇ ಆಗಿದ್ದರೆ

ಇಳಿಸಿ, ಟೆಸ್ಟ್ ಬೆಂಚ್ ಇರುವ ಕಡೆ ಕೊಡಿ. ಬೆಂಚ್ ಮೇಲಿನ ಅಂಕಿ ಬರೆಸಿಕೊಂಡೇ ವಾಪಸ್ ತನ್ನಿ. ಪಂಪ್ ಹೊರಗಿರುವ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡಿ ಒಳಗೆ ಕೈಯಿಂದ ಒರೆಸಿ, ಸಕ್ಷನ್ ಜಾಲರಿ ತೊಳೆಯಿರಿ, ಕೂಲರ್ ಮತ್ತು ಲೈನ್‌ಗಳನ್ನು ಫ್ಲಶ್ ಮಾಡಿಸಿ. ಒರೆಸಲು ನೂಲು ಬಿಡುವ ವೇಸ್ಟ್ ಬಟ್ಟೆ ಬೇಡ. ಹಳೇ ಪಂಪಿನ ಕಂಚಿನ ಪುಡಿ ಕೂಲರ್ ಒಳಗೇ ಕೂತಿದ್ದರೆ ಹೊಸ ಪಂಪಿಗೂ ಅದೇ ಗತಿ.

ಕೂರಿಸಿದ ಮೇಲೆ ಪಂಪಿನ ಮೇಲಿನ ಪ್ಲಗ್ ತೆಗೆದು ಕೇಸ್ ತುಂಬಾ ಶುದ್ಧ ಆಯಿಲ್ ಹೊಯ್ಯಿರಿ. ಒಣ ಪಂಪ್ ಸ್ಟಾರ್ಟ್ ಮಾಡಿದರೆ ಮೊದಲ ನಿಮಿಷದಲ್ಲೇ ಮುಖ ಗೀರಿಹೋಗುತ್ತದೆ. ಏರ್ ಪ್ಲಗ್ ಸಡಿಲಿಸಿ, ಗುಳ್ಳೆಯಿಲ್ಲದ ಆಯಿಲ್ ಬಂದ ಮೇಲೆ ಬಿಗಿ ಮಾಡಿ. ಹತ್ತು ನಿಮಿಷ ಲೋ ಐಡಲಿನಲ್ಲಿ ಬಿಡಿ, ಲಿವರ್ ಮುಟ್ಟಬೇಡಿ. ಆಮೇಲೆ ಒಂದೊಂದೇ ಸಿಲಿಂಡರನ್ನು ಕೊನೆ ಮುಟ್ಟಿಸದೆ ಆಡಿಸಿ, ಟ್ಯಾಂಕಿನ ಮಟ್ಟ ನೋಡಿ ಆಯಿಲ್ ತುಂಬಿ. ಮೊದಲ ದಿನ ಬಕೆಟ್ ಕೆಲಸ ಮಾತ್ರ. ಸಂಜೆ ಮತ್ತೆ ರಿಟರ್ನ್ ಫಿಲ್ಟರ್ ಬಿಚ್ಚಿ ಬಟ್ಟೆಯ ಮೇಲೆ ಹರಡಿ ನೋಡಿ. ಹಳದಿ ಮಿಣುಕು ಕಾಣದಿದ್ದರೆ ಮಾರನೇ ದಿನ ಬ್ರೇಕರ್ ಕಟ್ಟಬಹುದು.